164 ಬೇರಿಂಗ್‌ಗೆ ತುಕ್ಕು ಹಿಡಿಸಿದ ಎರಡು ಅಲ್ಪವಿರಾಮ

ಉಗ್ರಾಣದವನು:

ನಾನು ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಐಟಿಐ. ಲೆಕ್ಕದಲ್ಲಿ ಒಂದು ನಟ್ಟೂ ತಪ್ಪುವುದಿಲ್ಲ; ತಪ್ಪುವುದೆಲ್ಲ ಇಂಗ್ಲಿಷಿನಲ್ಲಿ.

ಕಳೆದ ತಿಂಗಳು ಪುಣೆಯಿಂದ 200 ಬೇರಿಂಗ್ ಬಂದವು. ದಾರಿಯಲ್ಲಿ ಮಳೆಗೆ ಪೆಟ್ಟಿಗೆಗಳು ನೆನೆದು 36ಕ್ಕೆ ತುಕ್ಕು ಹಿಡಿದಿತ್ತು. ಕಳುಹಿಸಿದವರಿಗೆ ನಾನೇ ಮೇಲ್ ಬರೆದೆ. ಮೊದಲ ವಾಕ್ಯ: ‘ದ ಬಾಕ್ಸಸ್ ವಿಚ್ ಯು ಸೆಂಟ್ ದ ಬೇರಿಂಗ್ಸ್ ವರ್ ವೆಟ್.’ ಎರಡನೆಯದು: ‘ದ ಬೇರಿಂಗ್ಸ್, ವಿಚ್ ವರ್ ರಸ್ಟೆಡ್, ಆರ್ ರೆಡಿ ಫಾರ್ ರಿಟರ್ನ್.’ ಅಲ್ಪವಿರಾಮ ಎರಡನ್ನೂ ಹಾಕಿದ್ದು ನೋಡಲು ಅಚ್ಚುಕಟ್ಟಾಗಿರಲಿ ಎಂದು.

ಶುಕ್ರವಾರ ಅವರ ವ್ಯಾನ್ ಬಂತು, 200 ಬೇರಿಂಗನ್ನೂ ಒಯ್ಯಲು. ಚಾಲಕನ ಕೈಯಲ್ಲಿದ್ದ ಚೀಟಿಯಲ್ಲಿ 200 ಎಂದೇ ಇತ್ತು. ನಮ್ಮ ಅಸೆಂಬ್ಲಿಯವರು ಅಷ್ಟರಲ್ಲಿ ನೂರಕ್ಕೂ ಹೆಚ್ಚು ಬಳಸಿಬಿಟ್ಟಿದ್ದರು. ಮ್ಯಾನೇಜರ್ ಎದುರು ನನಗೆ ಸಿಕ್ಕ ಮರ್ಯಾದೆಯನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ವಾಕ್ಯದ ಕೆಳಗೆ ಅವರು ಕೆಂಪು ಶಾಯಿಯಲ್ಲಿ ಗೀಟು ಎಳೆದು, ‘ಇದೂ ತಪ್ಪು’ ಎಂದು ಬರೆದು ಕೊಟ್ಟರು. ಏಕೆ ತಪ್ಪು ಎಂದು ಹೇಳಲಿಲ್ಲ.

‘ನೀವು ಬೇರಿಂಗ್ ಕಳುಹಿಸಿದ ಪೆಟ್ಟಿಗೆಗಳು’ ಎಂಬುದರಲ್ಲಿ ಕನ್ನಡದ ಮಟ್ಟಿಗೆ ಒಂದು ಕೊಂಕೂ ಇಲ್ಲ. ಅದನ್ನೇ ಇಂಗ್ಲಿಷಿಗೆ ತಂದರೆ ಏನು ಕೆಡುತ್ತದೆ? ಎರಡು ಅಲ್ಪವಿರಾಮ ಬಿದ್ದ ಮಾತ್ರಕ್ಕೆ 164 ಒಳ್ಳೆಯ ಬೇರಿಂಗ್‌ಗೆ ತುಕ್ಕು ಹಿಡಿಯುವುದು ಹೇಗೆ? ನಿಯಮಗಳ ಪಟ್ಟಿ ದಯವಿಟ್ಟು ಬೇಡ. ಅದು ನನ್ನ ಮಗಳ ಗೈಡಿನಲ್ಲಿದೆ, ಎರಡು ಸಲ ಓದಿದ್ದೇನೆ, ತಲೆಗೆ ಹತ್ತಿಲ್ಲ.

ಸೀಮೆಸುಣ್ಣ:

ಉಗ್ರಾಣದವರೇ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ನಿಮ್ಮ ಮೊದಲ ವಾಕ್ಯದಂಥದ್ದನ್ನು ಎಷ್ಟು ಉತ್ತರಪತ್ರಿಕೆಗಳಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ಅದು ಇಂಗ್ಲಿಷ್ ಬಾರದವರ ತಪ್ಪಲ್ಲ, ಕನ್ನಡ ಚೆನ್ನಾಗಿ ಬರುವವರ ತಪ್ಪು.

ಇವನ್ನು ಒಮ್ಮೆ ಬಾಯಿಬಿಟ್ಟು ಓದಿ: ನಾನು ಬರೆದ ಪತ್ರ, ನಾನು ಬರೆದ ಪೆನ್ನು, ನಾನು ಬರೆದ ಹಾಳೆ, ನಾನು ಬರೆದ ದಿನ. ನಾಲ್ಕಕ್ಕೂ ‘ಬರೆದ’ ಒಂದೇ. ಆದರೆ ಬರೆದದ್ದು ಪತ್ರವನ್ನು, ಪೆನ್ನಿನಿಂದ, ಹಾಳೆಯ ಮೇಲೆ, ಆ ದಿನದಂದು. ಈ ‘ಅನ್ನು’, ‘ಇಂದ’, ‘ಮೇಲೆ’, ‘ಅಂದು’ ಎಲ್ಲಿ ಹೋದವು? ‘ಬರೆದ’ದಂಥ ನಮ್ಮ ಕೃದಂತ ಅವನ್ನು ನುಂಗಿಬಿಡುತ್ತದೆ, ಕೇಳುವವನು ಊಹಿಸಿಕೊಳ್ಳುತ್ತಾನೆ. ಪೆನ್ನನ್ನು ಯಾರೂ ಬರೆಯುವುದಿಲ್ಲವಲ್ಲ! ಇಂಗ್ಲಿಷ್ ಹಾಗೆ ಊಹೆಗೆ ಬಿಡುವುದಿಲ್ಲ. ‘ದ ಲೆಟರ್ ಐ ರೋಟ್’ ಸರಿ, ಆದರೆ ‘ದ ಪೆನ್ ಐ ರೋಟ್ ವಿತ್’, ‘ದ ಶೀಟ್ ಐ ರೋಟ್ ಆನ್’. ದಿನಕ್ಕೆ ಮಾತ್ರ ಅದೂ ರಿಯಾಯಿತಿ ಕೊಡುತ್ತದೆ, ‘ದ ಡೇ ಐ ರೋಟ್’ ಎಂದರೆ ಸಾಕು.

ನಿಮ್ಮ ಪೆಟ್ಟಿಗೆಗೆ ಬನ್ನಿ. ಬೇರಿಂಗ್ ಕಳುಹಿಸಿದ್ದು ಪೆಟ್ಟಿಗೆಯಲ್ಲಿ. ಆ ‘ಅಲ್ಲಿ’ ನಿಮ್ಮ ಮೇಲಿನಲ್ಲಿ ಇಲ್ಲ. ‘ದ ಬಾಕ್ಸಸ್ ಇನ್ ವಿಚ್ ಯು ಸೆಂಟ್ ದ ಬೇರಿಂಗ್ಸ್’ ಆಗಬೇಕಿತ್ತು. ಬರೆಯುವ ಮುನ್ನ ಕೃದಂತವನ್ನು ಬಿಡಿಸಿ ಪೂರ್ತಿ ವಾಕ್ಯ ಮಾಡಿಕೊಳ್ಳಿ, ಆ ಪದಕ್ಕೆ ಯಾವ ವಿಭಕ್ತಿ ಬರುತ್ತದೆಂದು ನೋಡಿ. ‘ಮುಚ್ಚಳ ಒಡೆದ ಪೆಟ್ಟಿಗೆ’ ಎಂಬುದು ಬಿಡಿಸಿದರೆ ‘ಪೆಟ್ಟಿಗೆಯ ಮುಚ್ಚಳ ಒಡೆದಿದೆ’ ಎಂದಾಗುತ್ತದೆ. ಷಷ್ಠಿ ಬಂತು, ಆದ್ದರಿಂದ ‘ಹೂಸ್’: ‘ದ ಬಾಕ್ಸ್ ಹೂಸ್ ಲಿಡ್ ವಾಸ್ ಬ್ರೋಕನ್’. ಹೂಸ್ ಮನುಷ್ಯರಿಗೆ ಮಾತ್ರ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಖಡಕ್ ಕಾಫಿ:

ಬ್ಯಾಂಕಿನಲ್ಲಿ ಪತ್ರವ್ಯವಹಾರ ನೋಡಿಕೊಂಡವನು ನಾನು. ವಿಚ್ ಇಲ್ಲದೆಯೇ ಬದುಕಬಹುದು. ಪೆಟ್ಟಿಗೆ ನೆನೆದಿತ್ತು. 36 ಬೇರಿಂಗ್‌ಗೆ ತುಕ್ಕು ಹಿಡಿದಿದೆ. ಆ 36ನ್ನು ಒಯ್ಯಿರಿ. ಮೂರು ವಾಕ್ಯ, ಮುಗಿಯಿತು. ಮೇಲಿನಲ್ಲಿ 36 ಎಂಬ ಅಂಕಿಯನ್ನೇ ಬರೆಯದ ಸ್ಟೋರ್ ಕೀಪರನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಕರಡು ತಿದ್ದುವವಳು:

ಕಾಫಿಯವರ ಮಾತು ಕಹಿಯಾದರೂ ನಿಜ. ಆದರೆ ಅಲ್ಪವಿರಾಮದ ಪ್ರಶ್ನೆ ಹಾಗೇ ಉಳಿಯಿತು.

ಆ ಎರಡು ಅಲ್ಪವಿರಾಮಗಳನ್ನು ಆವರಣ ಚಿಹ್ನೆ ಎಂದುಕೊಳ್ಳಿ. ಒಳಗಿರುವುದನ್ನು ಕಿತ್ತು ಪಕ್ಕಕ್ಕಿಟ್ಟರೆ ಉಳಿಯುವುದು ‘ದ ಬೇರಿಂಗ್ಸ್ ಆರ್ ರೆಡಿ ಫಾರ್ ರಿಟರ್ನ್’. ಪುಣೆಯವರು ಓದಿದ್ದು ಅದನ್ನೇ: ಬೇರಿಂಗ್‌ಗಳೆಲ್ಲ ವಾಪಸು, ಅಂದಹಾಗೆ ಅವಕ್ಕೆಲ್ಲ ತುಕ್ಕು ಹಿಡಿದಿದೆ. ಅಲ್ಪವಿರಾಮ ತೆಗೆದರೆ ತುಕ್ಕಿನ ಮಾತು ಜರಡಿಯಾಗುತ್ತದೆ, ತುಕ್ಕು ಹಿಡಿದವು ಮಾತ್ರ ಕೆಳಗೆ ಬೀಳುತ್ತವೆ.

ಕನ್ನಡದಲ್ಲಿ ಈ ಭೇದವನ್ನು ಅಲ್ಪವಿರಾಮದಿಂದ ತೋರಿಸುವ ರೂಢಿಯೇ ಇಲ್ಲ. ‘ಮೈಸೂರಿನಲ್ಲಿರುವ ನನ್ನ ಅಣ್ಣ’ ಎಂದಾಗ ನನಗೆ ಒಬ್ಬನೇ ಅಣ್ಣನೋ, ಮಂಡ್ಯದಲ್ಲಿ ಇನ್ನೊಬ್ಬನಿದ್ದಾನೋ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು’ ಎಂದು ಅಲ್ಪವಿರಾಮ ಹಾಕಿ ಬರೆದರೆ ಒಬ್ಬನೇ ಅಣ್ಣ.

ಜರಡಿಯಾಡುವಾಗ ನೀವು ‘ದಟ್’ ಬಳಸಿ. ಅಲ್ಪವಿರಾಮದ ನಂತರ ದಟ್ ಹೊಂದುವುದಿಲ್ಲವಾದ್ದರಿಂದ ಕೈ ತಾನಾಗಿ ತಡೆಯುತ್ತದೆ. ಜರಡಿಗೆ ದಟ್, ಆವರಣಕ್ಕೆ ವಿಚ್ ಎಂದು ಹಂಚಿಕೊಂಡರೆ ಒಳ್ಳೆಯದೆಂದು 1926ರಲ್ಲಿ ಇಂಗ್ಲಿಷ್ ಬಳಕೆಯ ಹೆಸರಾಂತ ಕೈಪಿಡಿ ಬರೆದ ಎಚ್. ಡಬ್ಲ್ಯು. ಫೌಲರ್ ಸಲಹೆ ಕೊಟ್ಟರು. ಒಳ್ಳೆಯ ಲೇಖಕರಲ್ಲಿ ಹೆಚ್ಚಿನವರು ಹಾಗೆ ಬರೆಯುವುದಿಲ್ಲ ಎಂದೂ ಅವರೇ ಒಪ್ಪಿದರು. ಅಮೆರಿಕದ ಸಂಪಾದಕರು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಜರಡಿಗೂ ವಿಚ್ ನಡೆಯುತ್ತದೆ, ಅಲ್ಪವಿರಾಮ ಮಾತ್ರ ಇರಬಾರದು.

ಉಗ್ರಾಣದವನು:

ಮೂವರಿಗೂ ನಮಸ್ಕಾರ. ಕಾಫಿಯವರೇ, ಅಂಕಿ ಇನ್‌ವಾಯ್ಸ್‌ನ ಪ್ರತಿಯಲ್ಲಿತ್ತು. ಅದನ್ನು ಮೇಲಿಗೆ ಲಗತ್ತಿಸಲು ಮರೆತೆ. ಈಗ ಹೀಗೆ ಬರೆದಿದ್ದೇನೆ: ‘ದ ಬಾಕ್ಸಸ್ ಯು ಸೆಂಟ್ ದ ಬೇರಿಂಗ್ಸ್ ಇನ್ ವರ್ ವೆಟ್. ಓನ್ಲಿ ದ ಬೇರಿಂಗ್ಸ್ ದಟ್ ವರ್ ರಸ್ಟೆಡ್, 36 ಇನ್ ನಂಬರ್, ಆರ್ ರೆಡಿ ಫಾರ್ ರಿಟರ್ನ್. ದ ಡ್ರೈವರ್ ಕೇಮ್ ಆನ್ ಫ್ರೈಡೇ ವಾಸ್ ವೆರಿ ಪೇಷಂಟ್.’ ಕೊನೆಯದು ನಮ್ಮ ಮೇಲೆ ಸಿಟ್ಟು ಇಳಿಯಲಿ ಎಂದು. ಮೇಡಂ, ‘ಯು ಸೆಂಟ್’ ಹಿಂದಿನ ವಿಚ್ ಬಿಟ್ಟ ಹಾಗೆಯೇ ಇಲ್ಲಿ ‘ಹೂ’ ಎಂಬುದನ್ನು ಬಿಟ್ಟಿದ್ದೇನೆ. ಸರಿಯೇ?

ಸೀಮೆಸುಣ್ಣ:

ಅಲ್ಲೇ ಎಡವಿದಿರಿ. ಪೆಟ್ಟಿಗೆಯ ವಾಕ್ಯದಲ್ಲಿ ಕಳುಹಿಸಿದವರು ‘ಯು’, ಕರ್ತೃ ಅಲ್ಲೇ ಇದೆ, ಹಾಗಾಗಿ ವಿಚ್ ಬಿಡಬಹುದು. ಶುಕ್ರವಾರ ಬಂದವನು ಚಾಲಕನೇ. ಅಲ್ಲಿ ಹೂ ಎಂಬುದೇ ಕರ್ತೃ, ಅದನ್ನು ಬಿಟ್ಟರೆ ‘ಕೇಮ್’ ಮುಖ್ಯ ಕ್ರಿಯಾಪದವಾಗಿ ಕುಳಿತುಬಿಡುತ್ತದೆ. ‘ದ ಡ್ರೈವರ್ ಹೂ ಕೇಮ್’ ಎಂದು ತಿದ್ದಿ ಕಳುಹಿಸಿ. ನಡುವೆ ಅಲ್ಪವಿರಾಮ ಬೇಡ.