ಆರ್ಗಾನಿಕ್ ಕೆಮಿಸ್ಟ್ರಿಯನ್ನು ಮೂರನೇ ವರ್ಷಕ್ಕೆ ತಳ್ಳಬಹುದಾ?

ಹೊಸ_ಬ್ಯಾಚು

ಎಲ್ಲರಿಗೂ ನಮಸ್ಕಾರ. ಮಾಲಿಕ್ಯುಲರ್ ಮತ್ತು ಸೆಲ್ ಬಯಾಲಜಿ ಪದವಿಗೆ ಸೇರಿದ್ದೇನೆ, ನಾಲ್ಕು ವರ್ಷದ ಕೋರ್ಸು, ಮೊದಲ ಸೆಮಿಸ್ಟರ್ ಮುಗಿಯುತ್ತಾ ಬಂತು. ಉಳಿದ ಏಳು ಸೆಮಿಸ್ಟರಿನಲ್ಲಿ ಯಾವ ಪೇಪರ್ ಯಾವಾಗ ಅಂತ ಬರೆದುಕೊಂಡು ಬನ್ನಿ ಎಂದು ಅಡ್ವೈಸರ್ ಹೇಳಿದ್ದಾರೆ.

ಬಯಾಲಜಿ ಇಷ್ಟ ಅಂತ ಬಂದವನು ನಾನು. ಪಟ್ಟಿ ನೋಡಿದರೆ ಮೊದಲೆರಡು ವರ್ಷ ಬರೀ ಕೆಮಿಸ್ಟ್ರಿ, ಕ್ಯಾಲ್ಕುಲಸ್, ಫಿಸಿಕ್ಸು. ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಜನರಲ್ ಕೆಮಿಸ್ಟ್ರಿ ಹೇಗೂ ಮೊದಲ ವರ್ಷಕ್ಕೇ ಮುಗಿಯುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ಜೆನೆಟಿಕ್ಸ್, ಸೆಲ್ ಬಯಾಲಜಿ, ಮೈಕ್ರೋಬಯಾಲಜಿ ಮೂರನ್ನೂ ಲ್ಯಾಬ್ ಸಮೇತ ಒಟ್ಟಿಗೆ ತೆಗೆದುಕೊಂಡು, ಆರ್ಗಾನಿಕ್‌ನ ಎರಡೂ ಭಾಗಗಳನ್ನು ಮೂರನೇ ವರ್ಷಕ್ಕೆ ಹಾಕಿ, ಸ್ಟ್ಯಾಟಿಸ್ಟಿಕ್ಸ್‌ನ ಕಟ್ಟಕಡೆಗೆ ಎಂಟನೇ ಸೆಮಿಸ್ಟರಿಗೆ ಇಟ್ಟರೆ ಹೇಗೆ? ಪ್ರೋಗ್ರಾಮಿಂಗ್ ಪೇಪರ್ ಬೇಕಾ? ರಿಸರ್ಚ್ ಲ್ಯಾಬ್ ಸೇರುವುದು ಯಾವಾಗ? ಬೈದರೂ ಪರವಾಗಿಲ್ಲ, ಹೇಳಿ.

ಹಳೇ_ಬೆಂಚು

ಬೇಡ. ಮಿಕ್ಕಿದ್ದು ಆಮೇಲೆ ಮಾತಾಡೋಣ, ಆರ್ಗಾನಿಕ್ ಮಾತ್ರ ಮುಂದಕ್ಕೆ ಹಾಕಬೇಡಿ. ಇದೇ ತಪ್ಪು ಮಾಡಿ ಅನುಭವಿಸಿದವಳು ನಾನು.

ಪಟ್ಟಿಯಲ್ಲಿ ಪೇಪರ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ, ಆದರೆ ಒಂದರ ಬಾಲ ಇನ್ನೊಂದರ ಕೈಯಲ್ಲಿದೆ. ಜನರಲ್ ಕೆಮಿಸ್ಟ್ರಿ ಆಗದೆ ಆರ್ಗಾನಿಕ್ ಕೊಡುವುದಿಲ್ಲ. ಆರ್ಗಾನಿಕ್ ಆಗದೆ ಬಯೋಕೆಮಿಸ್ಟ್ರಿ ಇಲ್ಲ. ಕೊನೆಯ ವರ್ಷದ ಒಳ್ಳೊಳ್ಳೆ ಪೇಪರ್‌ಗಳಿಗೆ, ಅಂದರೆ ಪ್ರೊಟೀನ್ ಸ್ಟ್ರಕ್ಚರ್, ಸೆಲ್ ಸಿಗ್ನಲಿಂಗ್, ಅಡ್ವಾನ್ಸ್ಡ್ ಲ್ಯಾಬ್ ಇಂಥವಕ್ಕೆ, ಸಾಮಾನ್ಯವಾಗಿ ಬಯೋಕೆಮಿಸ್ಟ್ರಿ ಮುಗಿದಿರಬೇಕು. ಈಗ ಲೆಕ್ಕ ಹಾಕಿ. ಜನರಲ್ 2 ಸೆಮಿಸ್ಟರ್, ಆರ್ಗಾನಿಕ್ 2, ಬಯೋಕೆಮಿಸ್ಟ್ರಿ 2. ಎಂಟರಲ್ಲಿ ಆರು ಇಲ್ಲೇ ಹೋಯಿತು. ಉಳಿಯೋದು ಎರಡೇ. ನಿಮ್ಮ ಪ್ಲ್ಯಾನಿನಲ್ಲಿ ಆ ಎರಡನ್ನೂ ಎರಡನೇ ವರ್ಷದಲ್ಲೇ ಖರ್ಚು ಮಾಡಿದ್ದೀರಿ. ಬಯೋಕೆಮಿಸ್ಟ್ರಿ ಮುಗಿಯೋದೂ ಪದವಿ ಮುಗಿಯೋದೂ ಒಂದೇ ದಿನ.

ಇನ್ನೊಂದು ವಿಷಯ. ಎಷ್ಟೋ ಪೇಪರ್‌ಗಳನ್ನು ವರ್ಷಕ್ಕೆ ಒಂದೇ ಸಲ ಕಲಿಸುತ್ತಾರೆ. ನಾನು ಆರ್ಗಾನಿಕ್ ಎರಡನೇ ಭಾಗಕ್ಕೆ ಹೆಸರು ಕೊಡಲು ಹೋದಾಗ ಸೀಟು ತುಂಬಿತ್ತು, ಮುಂದಿನ ಸಲ ನೋಡೋಣ ಅಂದುಕೊಂಡೆ. ಆ ಮುಂದಿನ ಸಲ ಬಂದಿದ್ದು ಒಂದು ವರ್ಷ ಬಿಟ್ಟು. ಆಸೆಪಟ್ಟಿದ್ದ ಸಿಗ್ನಲಿಂಗ್ ಪೇಪರ್ ಕೊನೆಗೂ ಸಿಗಲಿಲ್ಲ. ಅದಕ್ಕೇ ಹೇಳೋದು, ಪ್ಲ್ಯಾನನ್ನು ಹಿಂದಿನಿಂದ ಬರೆಯಿರಿ. ಎಂಟನೇ ಸೆಮಿಸ್ಟರಿನಲ್ಲಿ ಯಾವ ಎರಡು ಪೇಪರ್ ಓದಲೇಬೇಕು ಅನಿಸುತ್ತದೋ ಅವನ್ನು ಮೊದಲು ಬರೆದು, ಅವು ಏನು ಕೇಳುತ್ತವೆ ಅಂತ ಒಂದೊಂದೇ ಮೆಟ್ಟಿಲು ಇಳಿದು ಬನ್ನಿ.

ಮತ್ತೆ, ಆರ್ಗಾನಿಕ್ ಬಯಾಲಜಿ ಅಲ್ಲ ಅಂತ ಯಾರು ಹೇಳಿದ್ದು? ನಮ್ಮ ಸಣ್ಣ ಕರುಳಿನಲ್ಲಿ ಪ್ರೊಟೀನ್ ಕತ್ತರಿಸುವ ಕೈಮೋಟ್ರಿಪ್ಸಿನ್ ಅನ್ನೋ ಕಿಣ್ವ ತಗೊಳ್ಳಿ. ಅದರ ಹೃದಯದಲ್ಲಿರೋದು ಮೂರೇ ಅಮೈನೋ ಆಮ್ಲ: ಸೆರೀನ್ 195, ಹಿಸ್ಟಿಡಿನ್ 57, ಆಸ್ಪಾರ್ಟೇಟ್ 102 (ಅಂಕಿ ಅಂದರೆ ಸರಪಳಿಯಲ್ಲಿ ಅದರ ಸ್ಥಾನ). ಹಿಸ್ಟಿಡಿನ್ ಸೆರೀನ್‌ನ ಪ್ರೋಟಾನ್ ಎಳೆದುಕೊಳ್ಳುತ್ತದೆ, ಸೆರೀನ್‌ನ ಆಕ್ಸಿಜನ್ ಹೋಗಿ ಪೆಪ್ಟೈಡ್‌ನ ಕಾರ್ಬೊನಿಲ್ ಕಾರ್ಬನ್‌ಗೆ ಬಡಿಯುತ್ತದೆ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತೋರಿಸುವ ಬಾಣದ ಗುರುತುಗಳನ್ನು ಆರ್ಗಾನಿಕ್‌ನಲ್ಲಿ ಬರೆದು ಬರೆದು ಕೈ ಪಳಗಿದ್ದರೆ ಇದು ಒಂದೇ ನೋಟಕ್ಕೆ ಹೊಳೆಯುತ್ತದೆ. ಇಲ್ಲದಿದ್ದರೆ ಬಾಯಿಪಾಠ.

ನೊಣ_ಎಣಿಸುವವಳು

ನಾನು ಜೆನೆಟಿಕ್ಸ್ ಲ್ಯಾಬ್ ಕಲಿಸುತ್ತೇನೆ, ಲ್ಯಾಬ್ ಬಗ್ಗೆ ಮಾತ್ರ ಹೇಳುತ್ತೇನೆ. ಒಂದೇ ಸೆಮಿಸ್ಟರಿಗೆ ಮೂರು ಲ್ಯಾಬ್ ಅಂದರೆ ವಾರಕ್ಕೆ ಮೂರು ಮಧ್ಯಾಹ್ನ ಅಷ್ಟೇ ತಾನೇ ಅಂತ ನೀವು ಅಂದುಕೊಂಡಿರಬಹುದು. ಹಾಗಲ್ಲ ಅದು. ಟೈಮ್‌ಟೇಬಲ್‌ನಲ್ಲಿ ಬರೆದಿರುವ ಮೂರು ಗಂಟೆ ನಮ್ಮದು, ಉಳಿದ ಹೊತ್ತು ಜೀವಿಗಳದ್ದು.

ಹಣ್ಣಿನ ನೊಣದ ಕ್ರಾಸ್, ಅಂದರೆ ನಾವೇ ಆರಿಸಿದ ಗಂಡು ಹೆಣ್ಣನ್ನು ಕೂಡಿಸೋದು, ಮಾಡಬೇಕು ಅನ್ನಿ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು 10 ದಿನ. ಹೆಣ್ಣು ನೊಣ ಹೊರಬಂದು 8 ಗಂಟೆಯೊಳಗೆ ಅದನ್ನು ಬೇರೆ ಮಾಡಬೇಕು, ತಡವಾದರೆ ಅದು ಆಗಲೇ ಯಾವುದೋ ಗಂಡಿನ ಜೊತೆ ಕೂಡಿರುತ್ತದೆ, ನಿಮ್ಮ ಕ್ರಾಸ್ ಪೂರ್ತಿ ಹಾಳು. ಅವು ಹೊರಬರೋದೂ ಜಾಸ್ತಿ ಬೆಳಗಿನ ಜಾವ. ಹಾಗಾಗಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬರಲೇಬೇಕು, ಭಾನುವಾರವಾದರೂ ಅಷ್ಟೇ. ಇದರ ಜೊತೆಗೆ ಮೈಕ್ರೋಬಯಾಲಜಿಯ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್‌ಗಳನ್ನು ಮಾರನೇ ದಿನ ನೋಡಬೇಕು, ಸೆಲ್ ಬಯಾಲಜಿಯ ಜೀವಕೋಶಗಳಿಗೆ ಮೀಡಿಯಾ (ಅವು ಬೆಳೆಯುವ ಪೋಷಕ ದ್ರವ) ಬದಲಿಸಬೇಕು, ಮೂರಕ್ಕೂ ರಿಪೋರ್ಟ್ ಬರೆಯಬೇಕು. ಮೂರು ಲ್ಯಾಬ್ ಹಿಡಿದವರು ಸೆಮಿಸ್ಟರ್ ಅರ್ಧ ಆಗುವಷ್ಟರಲ್ಲಿ ಪಿಪೆಟ್ ಹಿಡಿದುಕೊಂಡೇ ತೂಕಡಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಎರಡು ಸಾಕು. ಅದರಲ್ಲೂ ಒಂದು ಕೆಮಿಸ್ಟ್ರಿ ಲ್ಯಾಬ್ ಆಗಿರಲಿ, ಅಲ್ಲಿ ಫ್ಲಾಸ್ಕ್ ತೊಳೆದಿಟ್ಟು ಮನೆಗೆ ಹೋದರೆ ಮುಗಿಯಿತು.

ಕೈ_ವರ್ಗ

ಸ್ಟ್ಯಾಟಿಸ್ಟಿಕ್ಸ್ ಕಟ್ಟಕಡೆಗೆ?! ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗಾಯಿತು.

ಮೆಂಡೆಲ್ ಬಟಾಣಿ ಎಣಿಸಿದಾಗ 5474 ಗುಂಡು, 1850 ಸುಕ್ಕು ಬಂದವು. ಅದು 3:1 ಅಂತ ಪುಸ್ತಕದಲ್ಲಿದೆ. ಸರಿಯಾಗಿ 3:1 ಆಗಿದ್ದರೆ 5493 ಮತ್ತು 1831 ಬರಬೇಕಿತ್ತು, 19 ಕಾಳಿನ ವ್ಯತ್ಯಾಸ. ಇದನ್ನು ಒಪ್ಪಬಹುದಾ ಇಲ್ಲವಾ? ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಇದೆ ಅಂತ ಅಳೆಯುವ ಕೈ-ಸ್ಕ್ವೇರ್ ಲೆಕ್ಕ ಹಾಕಿದರೆ ಸುಮಾರು 0.26 ಬರುತ್ತದೆ. 3.84 ದಾಟಿದರೆ ತಾನೇ ಅನುಮಾನ, ಇದು ಹತ್ತಿರಕ್ಕೂ ಸುಳಿದಿಲ್ಲ. ಜೆನೆಟಿಕ್ಸ್ ಲ್ಯಾಬಿನಲ್ಲಿ ನೀವು ನೊಣ ಎಣಿಸಿದ ಮೇಲೆ ಮಾಡೋದೂ ಇದೇ ಲೆಕ್ಕ. ಹಾಗಾಗಿ ಸ್ಟ್ಯಾಟಿಸ್ಟಿಕ್ಸ್ ಜೆನೆಟಿಕ್ಸ್‌ಗಿಂತ ಮುಂಚೆ ಇರಲಿ, ತೀರಾ ಆಗದಿದ್ದರೆ ಜೊತೆಗೆ.

ಇನ್ನೊಂದು ದೊಡ್ಡ ಎಡವಟ್ಟು ಹೇಳುತ್ತೇನೆ. ಒಂದೇ ಫ್ಲಾಸ್ಕಿನ ಜೀವಕೋಶಗಳನ್ನು ಪ್ಲೇಟಿನ ಮೂರು ಗುಳಿಗಳಲ್ಲಿ ಹಾಕಿ ಅಳೆದು, n (ಬೇರೆಬೇರೆಯಾಗಿ ಮಾಡಿದ ಪ್ರಯೋಗಗಳ ಸಂಖ್ಯೆ) ಅಂದರೆ 3 ಅಂತ ಬರೆಯುವುದು. ಅದು ಮೂರಲ್ಲ, ಒಂದೇ. ಒಂದೇ ಪಾತ್ರೆಯ ಸಾರನ್ನು ಮೂರು ಸಲ ರುಚಿ ನೋಡಿದ ಹಾಗೆ. ಕೊನೆಯ ಸೆಮಿಸ್ಟರಿನಲ್ಲಿ ಇದು ಗೊತ್ತಾದರೆ ಅಷ್ಟರಲ್ಲಿ ನಿಮ್ಮ ಪ್ರಾಜೆಕ್ಟ್ ಮುಗಿದಿರುತ್ತದೆ, ಮತ್ತೆ ಮಾಡೋಕೆ ಟೈಮೇ ಇರಲ್ಲ.

ಪ್ರೋಗ್ರಾಮಿಂಗ್ ಬೇಕು. ಪೈಥಾನ್ ಅಥವಾ ಆರ್, ಒಂದು ಪೇಪರ್ ಸಾಕು. ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಬೇಸ್ ಜೋಡಿ, ಸ್ಪ್ರೆಡ್‌ಶೀಟ್ ತೆರೆದು ಕೂತರೆ ಆಗುತ್ತಾ?

ಲೆನ್ಸ್_ಒರೆಸುವವ

ಫಿಸಿಕ್ಸ್ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಎರಡೇ ಮಾತು. ಮಾಮೂಲಿ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರ ಇರುವ ಎರಡು ಚುಕ್ಕೆಗಳು ಒಂದೇ ಆಗಿ ಕಾಣುತ್ತವೆ. ಜೀವಕೋಶದಲ್ಲಿ ಪ್ರೊಟೀನ್ ತಯಾರಿಸುವ ರೈಬೋಸೋಮ್ 20-30 ನ್ಯಾನೋಮೀಟರ್. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಅದರ ಆಕಾರ ಕಾಣಲ್ಲ, ಯಾಕೆ ಅಂತ ತಿಳಿಯಲು ಬೆಳಕಿನ ಪಾಠವೇ ಬೇಕು. ಎರಡನೇ ವರ್ಷದಲ್ಲಿ ಆರ್ಗಾನಿಕ್ ಪಕ್ಕದಲ್ಲಿ ಹಾಕಿ ಮುಗಿಸಿಬಿಡಿ ಗುರು.

ಹೊಸ_ಬ್ಯಾಚು

ಬೈಗುಳ ಚೆನ್ನಾಗಿಯೇ ಸಿಕ್ಕಿತು, ಥ್ಯಾಂಕ್ಸ್ :) ಹಿಂದಿನಿಂದ ಬರೆದು ನೋಡಿದೆ. ಎಂಟನೆಯದಕ್ಕೆ ಸಿಗ್ನಲಿಂಗ್ ಮತ್ತು ಅಡ್ವಾನ್ಸ್ಡ್ ಲ್ಯಾಬ್. ಅದಕ್ಕೆ ಮೂರನೇ ವರ್ಷ ಬಯೋಕೆಮಿಸ್ಟ್ರಿ ಎರಡೂ ಭಾಗ, ಜೊತೆಗೆ ಸೆಲ್ ಬಯಾಲಜಿ, ಮಾಲಿಕ್ಯುಲರ್ ಬಯಾಲಜಿ. ಎರಡನೇ ವರ್ಷ ಆರ್ಗಾನಿಕ್, ಫಿಸಿಕ್ಸ್, ಮೂರನೆಯದರಲ್ಲಿ ಸ್ಟ್ಯಾಟಿಸ್ಟಿಕ್ಸ್, ನಾಲ್ಕನೆಯದರಲ್ಲಿ ಜೆನೆಟಿಕ್ಸ್. ಮೈಕ್ರೋಬಯಾಲಜಿ ಏಳಕ್ಕೆ ಹೋಯಿತು, ಸ್ವಲ್ಪ ಬೇಜಾರು. ಪೈಥಾನ್ ಎಲ್ಲಿ ಸಂದು ಸಿಗುತ್ತದೋ ಅಲ್ಲಿ. ರಿಸರ್ಚ್ ಲ್ಯಾಬ್ ಮಾತ್ರ ಇನ್ನೂ ಗೊತ್ತಾಗಲಿಲ್ಲ.

ನೊಣ_ಎಣಿಸುವವಳು

ಈಗ ಸರಿಯಾಯಿತು. ರಿಸರ್ಚ್ ಲ್ಯಾಬಿಗೆ ಎರಡನೇ ವರ್ಷದ ಕೊನೆಗೆ ಹೋಗಿ ಕೇಳಿ. ಅಲ್ಲಿ ಬೇಕಾಗೋದು ಮಾರ್ಕ್ಸ್‌ಗಿಂತ ಜಾಸ್ತಿ ಹೊತ್ತು. ಅಲ್ಲೊಂದು ಇಲ್ಲೊಂದು ಗಂಟೆ ಬಿಡುವಿದ್ದರೆ ಪ್ರಯೋಜನವಿಲ್ಲ, ಒಂದು ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಮಾಡೋದು) ಇಟ್ಟು, ಆ ತುಣುಕುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಐದನೇ ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಪೂರ್ತಿ ಖಾಲಿ ಇರುವ ಹಾಗೆ ಈಗಲೇ ಗೆರೆ ಹಾಕಿಡಿ. ಮೊದಲ ಕೆಲವು ವಾರ ಬಫರ್ (ಪಿಎಚ್ ಸುಲಭಕ್ಕೆ ಬದಲಾಗದ ಹಾಗೆ ಹಿಡಿದಿಡುವ ದ್ರಾವಣ) ಮಾಡಿಸುತ್ತಾರೆ, ಪ್ಲೇಟ್ ಸುರಿಸುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಟ್ರಿಸ್ ಬಫರನ್ನು ಕೋಣೆಯಲ್ಲಿ ಪಿಎಚ್ 8.0ಕ್ಕೆ ಹೊಂದಿಸಿ 4 ಡಿಗ್ರಿಗೆ ಒಯ್ದರೆ ಅದು 8.6ರ ಹತ್ತಿರ ಏರಿರುತ್ತದೆ ಅನ್ನೋದು ಕಲಿಯೋದು ಅಲ್ಲೇ.

ಹೊಸ_ಬ್ಯಾಚು

ಬರೆದುಕೊಂಡೆ ಮೇಡಂ. ಒಂದೇ ಅನುಮಾನ, ಆ ನೊಣಗಳಿಗೆ ಬೆಳಗ್ಗೆ ಎಷ್ಟು ಗಂಟೆಗೆ ಬರಬೇಕು?

ನೊಣ_ಎಣಿಸುವವಳು

ಏಳಕ್ಕೆ. ಭಾನುವಾರವೂ.