ಹೊಸ ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪ್: ಟ್ಯಾಲಿ, ಡಿಎಸ್‌ಸಿ ಕೆಲಸಕ್ಕೆ ಆಗ್ತದಾ?

ಪ್ರಶ್ನೆ (ಉಡುಪಿ):
ಕ್ವಾಲ್ಕಾಮ್‌ನ ಲ್ಯಾಪ್‌ಟಾಪ್ ಚಿಪ್ ಸ್ನಾಪ್‌ಡ್ರಾಗನ್ ಎಕ್ಸ್2 ಎಲೀಟ್‌ನ ಘೋಷಣೆ ನೋಡಿದ ಮೇಲೆ ಆಫೀಸಿಗೆ ಅದಿರುವ ಲ್ಯಾಪ್‌ಟಾಪನ್ನೇ ತೆಗೊಳ್ಳುವ ಅಂತ ಉಂಟು. ಟ್ಯಾಲಿ, ಜಿಎಸ್‌ಟಿ, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥದ್ದು), ಒಂದು ಹಳೇ ಲೇಸರ್ ಪ್ರಿಂಟರ್. ತೊಂದರೆ ಉಂಟಾ?

ಉತ್ತರ (ಮಂಗಳೂರು):
ಚಿಪ್ ಜೋರೇ ಉಂಟು, ಬ್ಯಾಟರಿಯೂ ಒಳ್ಳೆಯದು. ಅದರ ಎನ್‌ಪಿಯು (ಎಐ ಕೆಲಸ ಮಾಡುವ ಭಾಗ) 80 ಟಾಪ್ಸ್, ಅಂದರೆ ಸೆಕೆಂಡಿಗೆ 80 ಲಕ್ಷ ಕೋಟಿ ಲೆಕ್ಕ. ಮೈಕ್ರೋಸಾಫ್ಟ್‌ನ ಎಐ ಪಿಸಿ ದರ್ಜೆ ಕೋಪೈಲಟ್ ಪ್ಲಸ್‌ಗೆ ಬೇಕಾದ್ದು 40. ಆದರೆ ಲೆಕ್ಕದ ಕೆಲಸಕ್ಕೆ ಇದ್ಯಾವುದೂ ಮುಖ್ಯ ಅಲ್ಲ ಮಾರಾಯ್ರೆ, ಸಿಕ್ಕಿಬೀಳುವುದು ಡ್ರೈವರಿನಲ್ಲಿ (ಟೋಕನ್, ಪ್ರಿಂಟರನ್ನು ವಿಂಡೋಸ್‌ಗೆ ಜೋಡಿಸುವ ಸಾಫ್ಟ್‌ವೇರ್). ಈ ಚಿಪ್ ಇಂಟೆಲ್ ಜಾತಿಯದ್ದಲ್ಲ, ಆರ್ಮ್ ಜಾತಿಯದ್ದು. ಆರ್ಮ್ ವಿಂಡೋಸ್‌ನಲ್ಲಿ ಇಂಟೆಲ್‌ಗೆ ಬರೆದ ಪ್ರೋಗ್ರಾಂಗಳು ಪ್ರಿಸಂ ಎಂಬ ಎಮ್ಯುಲೇಶನ್ (ಆರ್ಮ್‌ಗೆ ಅನುವಾದಿಸಿ ಓಡಿಸುವ ವ್ಯವಸ್ಥೆ) ಮೂಲಕ ಓಡ್ತವೆ. ಕರ್ನಲ್ ಡ್ರೈವರ್‌ಗೆ (ವಿಂಡೋಸ್‌ನ ತಿರುಳಿನೊಳಗೇ ಓಡುವ ಡ್ರೈವರ್) ಆ ದಾರಿ ಇಲ್ಲ, ಅದು ಆರ್ಮ್64ಗೆ, ಅಂದರೆ 64 ಬಿಟ್ ಆರ್ಮ್‌ಗೆ, ಬರೆದದ್ದೇ ಬೇಕು. ಟೋಕನ್ ಕಂಪನಿಯ ಡೌನ್‌ಲೋಡ್ ಪುಟದಲ್ಲಿ ಆರ್ಮ್64 ಅಂತ ಸ್ಪಷ್ಟವಾಗಿ ಬರೆದಿರಬೇಕು. 'ವಿಂಡೋಸ್ 11, 64 ಬಿಟ್' ಅಂತ ಇದ್ದರೆ ಸಾಕಾಗುವುದಿಲ್ಲ, ಅದು ಸಾಮಾನ್ಯವಾಗಿ ಇಂಟೆಲ್ ಜಾತಿಯದ್ದು. ಪ್ರಿಂಟರಿಗೂ ಹಾಗೆಯೇ. ಅಂಗಡಿಗೆ ಟೋಕನ್ ತೆಗೊಂಡು ಹೋಗಿ, ಡೆಮೋ ಪೀಸಿಗೆ ಚುಚ್ಚಿ, ಸರ್ಟಿಫಿಕೇಟ್ ಕಾಣ್ತದಾ ನೋಡಿಯೇ ದುಡ್ಡು ಕೊಡಿ.

ಉತ್ತರ (ಸುರತ್ಕಲ್):
ಇಂಟೆಲ್ ಅಥವಾ ಎಎಂಡಿ ತೆಗೊಳ್ಳಿ, ಈ ತಲೆಬಿಸಿಯೇ ಇಲ್ಲ. ರ್‍ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸಾಲಿನಲ್ಲಿ ರ್‍ಯಾಮ್ ಚಿಪ್ಪಿನ ಜೊತೆಗೇ ಕೂತಿರ್ತದೆ, ಮತ್ತೆ ಏರಿಸ್ಲಿಕ್ಕೆ ಆಗುವುದಿಲ್ಲ. ಸ್ಲಾಟ್ ಇರುವ ಮಾಡೆಲ್ ಆದರೆ 8 ಜಿಬಿಯ ಎರಡು ಕಡ್ಡಿ ಹಾಕಿಸಿ. ಒಂದೇ ಕಡ್ಡಿ ಇದ್ದರೆ ಮೆಮೊರಿ ಒಂದೇ ಚಾನೆಲ್‌ನಲ್ಲಿ (ದಾರಿಯಲ್ಲಿ) ಓಡಿ ಗ್ರಾಫಿಕ್ಸ್ ನಿಧಾನ ಆಗ್ತದೆ.

ಉತ್ತರ (ಮಲ್ಪೆ):
ಕಡಲ ಬದಿಯ ಆಫೀಸಾದರೆ ಆನ್‌ಸೈಟ್ ವಾರಂಟಿ (ರಿಪೇರಿಗೆ ಆಫೀಸಿಗೇ ಬರುವಂಥದ್ದು) ಬಿಡಬೇಡಿ. ಉಪ್ಪುಗಾಳಿಗೆ ಪೋರ್ಟಿನ ಪಿನ್‌ಗೆ ಕಿಲುಬು ಹಿಡೀತದೆ, ಅಂಥದ್ದಕ್ಕೆ ವಾರಂಟಿ ಸಿಗ್ತದಾ ಅಂತ ಮೊದಲೇ ಕೇಳಿ.