ಅ ಆ ಇ ಈ ಹಾಡ್ತಾಳೆ, ಅಕ್ಷರ ತೋರಿಸಿದ್ರೆ ಗೊತ್ತಾಗಲ್ಲ. ಮುಂದೇನು?

ಹೇಮಾವತಿ_ದಡ (ಹಾಸನ)

ಮಗಳಿಗೆ 2 ವರ್ಷ 10 ತಿಂಗಳು. ಅ ಇಂದ ಅಃ ವರೆಗೆ ರಾಗವಾಗಿ ಹೇಳ್ತಾಳೆ. ಗೋಡೆ ಚಾರ್ಟಿನ ಮೇಲೆ ಸಾಲಾಗಿ ಬೆರಳಿಟ್ಟುಕೊಂಡು ಹೋದ್ರೆ ಒಂದೂ ತಪ್ಪಲ್ಲ. ಮಧ್ಯದ್ದು ಯಾವುದಾದ್ರೂ ತೋರಿಸಿ ಕೇಳಿದ್ರೆ ಮಾತ್ರ ಮತ್ತೆ ಅ ಇಂದ ಶುರು ಮಾಡ್ತಾಳೆ, ಇಲ್ಲ ಪಕ್ಕದ ಚಿತ್ರ ನೋಡಿ "ಇಲಿ" ಅಂತಾಳೆ. ಪುಸ್ತಕ ಇಷ್ಟ. ಒಂದೇ ಪುಸ್ತಕವನ್ನ ದಿನಾ ಓದಿಸ್ಕೋತಾಳೆ, ಒಂದು ಪದ ಬಿಟ್ರೆ ತಾನೇ ಹೇಳಿ ಸೇರಿಸ್ತಾಳೆ. ಮಾತು ಚೆನ್ನಾಗಿದೆ, ನಾಲ್ಕೈದು ಪದದ ವಾಕ್ಯ ಆಡ್ತಾಳೆ. ಆದ್ರೆ ಹಾಲಿಗೆ "ಆಲು" ಅಂತಾಳೆ.

ಈಗ ಸ್ವರ ಗಟ್ಟಿ ಮಾಡಿಸ್ಬೇಕಾ, ಕ ಖ ಗ ಶುರು ಮಾಡ್ಬೇಕಾ? ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಆಗಿದೆ, ಹಾಗಾಗಿ ಅವರ ತಾತ ಸ್ಲೇಟು ತಂದಿಟ್ಟು ಅ ತಿದ್ದಿಸೋಣ ಅಂತಿದ್ದಾರೆ. ಜೂನ್‌ಗೆ ಇಂಗ್ಲಿಷ್ ಮೀಡಿಯಂ ಪ್ರೀ ಕೆಜಿ ಬೇರೆ.

ಬಳಪದ_ಚೂರು

ಹಾಡು ಬಂದಿದೆ, ಅಕ್ಷರ ಇನ್ನೂ ಬಂದಿಲ್ಲ, ಅಷ್ಟೇ. ಈ ವಯಸ್ಸಿಗೆ ಅದು ಕೊರತೆಯೇನಲ್ಲ. ಚಾರ್ಟಿನಲ್ಲಿ ಮಗು ನೆನಪಿಟ್ಟುಕೊಳ್ಳುವುದು ಜಾಗವನ್ನು ಮತ್ತು ಚಿತ್ರವನ್ನು. ಪಕ್ಕದಲ್ಲೇ ಇಲಿ ಕೂತಿರುವಾಗ ಇ ಆಕಾರವನ್ನು ಅದು ಯಾಕೆ ನೋಡಬೇಕು? ಆ ಚಾರ್ಟನ್ನು ಕೆಲವು ತಿಂಗಳು ಇಳಿಸಿಡಿ.

ಸ್ವರ ಮುಗಿಸಿ ವ್ಯಂಜನ ಎಂಬ ಕ್ರಮ ಬಾಯಿಪಾಠಕ್ಕೆ ಸರಿ, ಓದಿಗೆ ಅಲ್ಲ. ಸ್ವರಾಕ್ಷರ ಪದದ ಮೊದಲಲ್ಲಿ ಬರುತ್ತದೆ. ಪದದ ಒಳಗೆ ಗುಡಿಸು, ಕೊಂಬು, ಏತ್ವ ಆಗಿ ವೇಷ ಬದಲಿಸುತ್ತದೆ. 13 ಸ್ವರ ಕಲಿತ ಮಗುವಿಗೆ ಓದಲು ಸಿಗುವ ಪದ "ಆ", "ಈ". ಬಿಟ್ಟರೆ "ಏ", "ಓ" ಎಂದು ಯಾರನ್ನಾದರೂ ಕೂಗಬಹುದು!

ಮೊದಲು ಕಿವಿಯ ಕೆಲಸ. ಪದವನ್ನು ಚಪ್ಪಾಳೆ ತಟ್ಟಿ ಒಡೆಯಿರಿ: ಮ-ನೆ, ಗಿ-ಳಿ, ಕೋ-ಳಿ. ಅದು ಬಂದ ಮೇಲೆ ಅ-ಡಿ-ಕೆ, ಮೆ-ಣ-ಸು. ತಲೆ ಬಾಚುವಾಗ, ಸ್ನಾನ ಮಾಡಿಸುವಾಗ ಮೂರ್ನಾಲ್ಕು ಪದ ಸಾಕು. ಒತ್ತಕ್ಷರದ ಪದ ಸದ್ಯಕ್ಕೆ ಬೇಡ. ಕಿವಿಗೆ ಅದು ಅಮ್-ಮ, ಬರಹದಲ್ಲಿ ಅ-ಮ್ಮ. ಚಪ್ಪಾಳೆ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಮುರಿಯುತ್ತದೆ. ಆಮೇಲೆ ಮೊದಲ ಸದ್ದಿನ ಆಟ: "ಕೋ ಅಂತ ಶುರುವಾಗೋದು ಯಾವ್ದು, ಕೋಳಿನಾ ಮನೆನಾ?" ಎರಡೇ ಆಯ್ಕೆ ಕೊಡಿ. ಕ್ ಮತ್ತು ಓ ಎಂದು ಇನ್ನೂ ಸಣ್ಣದಾಗಿ ಒಡೆಯಲು ಹೋಗಬೇಡಿ. ಕನ್ನಡದ ಮೊದಲ ಓದಿಗೆ ಅದು ಬೇಕಾಗಿಲ್ಲ, ಈ ವಯಸ್ಸಿಗೆ ಆಗುವುದೂ ಇಲ್ಲ.

ಇದು ಆಟವಾಗಿ ನಡೆಯತೊಡಗಿದ ಮೇಲೆ ರ, ಗ, ಸ, ದ, ಅ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಕಲಿಕಾ ಪದ್ಧತಿಯಲ್ಲಿ ಮೊದಲಿಗೆ ಬರುವ ಗುಂಪು ಇದೇ. ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಸಿಗುತ್ತವೆ, ಕಾಗುಣಿತವಿಲ್ಲ, ಒತ್ತಿಲ್ಲ. ಶಾಲೆಯಲ್ಲಿ ಅದು ಆರು ವರ್ಷದ ಮಕ್ಕಳಿಗೆ, ಆದ್ದರಿಂದ ಕ್ರಮವನ್ನು ಮಾತ್ರ ತೆಗೆದುಕೊಳ್ಳಿ, ವೇಗವನ್ನಲ್ಲ.

ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಮನೆಯಲ್ಲೇ ಮಾಡಿ. ಎ4 ದಪ್ಪ ಹಾಳೆಯನ್ನು ನಾಲ್ಕಾಗಿ ಕತ್ತರಿಸಿ, ಕಪ್ಪು ಸ್ಕೆಚ್ ಪೆನ್ನಿನಲ್ಲಿ 7 ಸೆಂ.ಮೀ. ಎತ್ತರದ ಒಂದೇ ಅಕ್ಷರ ಬರೆಯಿರಿ. ಚಿತ್ರ ಬೇಡ, ಬಣ್ಣವೂ ಬೇಡ. ಸ ಕೆಂಪಾಗಿದ್ದರೆ ಮಗು ಕೆಂಪನ್ನು ಕಲಿಯುತ್ತದೆ. ಒಮ್ಮೆಗೆ ಎರಡೇ ಪಟ್ಟಿ, ಒಂದಕ್ಕೊಂದು ಹೋಲದಂಥವು: ರ ಮತ್ತು ಸ ಆದೀತು. ಮೊದಲ ಕೆಲವು ದಿನ ನೀವೇ "ಇದು ಸ" ಎನ್ನಿ. ಆಮೇಲೆ "ಸ ಎಲ್ಲಿದೆ, ಕೊಡು". "ಇದೇನು?" ಎಂಬ ಪ್ರಶ್ನೆ ಕೊನೆಯದು. ಎಡವುವುದು ಇಲ್ಲೇ. ಮೊದಲ ದಿನವೇ "ಇದೇನು" ಎಂದು ಕೇಳಿದರೆ ಆಟ ಹೋಗಿ ಪರೀಕ್ಷೆ ಆಯಿತು, ನಾಲ್ಕನೇ ದಿನ ಪಟ್ಟಿ ಕಂಡರೆ ಮಗು ಎದ್ದು ಓಡುತ್ತದೆ. ದಿನಕ್ಕೆ ಐದು ನಿಮಿಷ, ಅದೂ ಮಗು ಇನ್ನೂ ಬೇಕು ಅನ್ನುವಾಗಲೇ ಎತ್ತಿಡಿ.

ಮುಂದೆಯೂ ಪ-ಷ-ವ-ಮ, ದ-ಧ-ಥ, ಬ-ಭ, ರ-ಠ ಇಂಥ ಜೋಡಿಗಳನ್ನು ಒಟ್ಟಿಗೆ ತರಬೇಡಿ. ಒಂದು ಪೂರ್ತಿ ಕೂತು ಎಷ್ಟೋ ವಾರ ಕಳೆದ ಮೇಲೆ ಅದರ ಹೋಲಿಕೆಯದ್ದು. ಕಾಗುಣಿತದ ಮಾತು ನಾಲ್ಕು ವರ್ಷ ದಾಟಿದ ಮೇಲೆ ನೋಡೋಣ. ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನದಲ್ಲಿ, ಅಕ್ಷರಗಳನ್ನು ಪೂರ್ತಿ ಕಲಿಯುವುದು ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ಕಂಡಿದೆ. ಅವಸರಕ್ಕೆ ಕಾರಣವೇ ಇಲ್ಲ.

ಮುಳ್ಳಯ್ಯನಗಿರಿ_ಮಂಜು (ಚಿಕ್ಕಮಗಳೂರು)

ಬಳಪದವರ ಕ್ರಮ ಒಪ್ಪುತ್ತೇನೆ, ಸಮಯ ಒಪ್ಪೋದಿಲ್ಲ. ಮಿಂಚುಪಟ್ಟಿ ಮೂರೂವರೆಗೆ ಬಂದರೂ ಏನೂ ನಷ್ಟವಿಲ್ಲ. "ಪದ ಬಿಟ್ರೆ ತಾನೇ ಸೇರಿಸ್ತಾಳೆ" ಅಂದ್ರಲ್ಲ, ಮುಂದಿನ ಹೆಜ್ಜೆ ಅದೇ ಪುಸ್ತಕದಲ್ಲಿದೆ.

ಓದುವಾಗ ಪದದ ಕೆಳಗೆ ಬೆರಳು ಓಡಿಸಿ, ಮೇಲೆ ಇಟ್ಟು ಮುಚ್ಚಬೇಡಿ. ಅವಳು ಸೇರಿಸುವ ಪದದ ಹತ್ತಿರ ಬೆರಳು ನಿಲ್ಲಿಸಿ, ಅವಳು ಹೇಳಿದ ಮೇಲೆ ಮುಂದೆ ಹೋಗಿ. ಬಾಯಲ್ಲಿ ಬಂದ ಪದ ಹಾಳೆಯ ಮೇಲಿನ ಈ ಗುರುತೇ ಅನ್ನೋದು ಹಾಗೆ ಹೊಳೆಯುತ್ತೆ. ವಾರಕ್ಕೆರಡು ಸಲ ಪುಸ್ತಕ ತಲೆಕೆಳಗಾಗಿ ಕೊಡಿ, ತಿರುಗಿಸ್ತಾಳಾ ನೋಡಿ. "ಎಲ್ಲಿಂದ ಓದ್ಲಿ?" ಅಂತ ಕೇಳಿ, ಚಿತ್ರ ತೋರಿಸಿದ್ರೆ ನೀವೇ ಬೆರಳನ್ನ ಮೊದಲ ಪದಕ್ಕೆ ತನ್ನಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲಿ ಐದು ಎಣಿಸೋ ತನಕ ಸುಮ್ಮನಿರಿ. ದೊಡ್ಡವರಿಗೆ ಇದೇ ಕಷ್ಟ! ಅವಳು "ನಾಯಿ ಓಡ್ತು" ಅಂದ್ರೆ "ಹೌದು, ಕರಿ ನಾಯಿ ಹೆದರ್ಕೊಂಡು ಓಡ್ತು" ಅಂತ ಒಂದೆರಡು ಪದ ಸೇರಿಸಿ ವಾಪಸ್ ಕೊಡಿ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಪುಸ್ತಕದಲ್ಲಿ "ಹೋಗುತ್ತದೆ" ಅಂತಿರುತ್ತೆ, ನಾವು "ಹೋಗುತ್ತೆ" ಅಂತ ಓದಿಬಿಡ್ತೀವಿ. ಬೆರಳು ಓಡಿಸುವಾಗ ಅಚ್ಚಾದ ಹಾಗೇ ಓದಿ, ಇಲ್ಲಾಂದ್ರೆ ಬೆರಳು ಒಂದು ಕಡೆ, ದನಿ ಒಂದು ಕಡೆ. ಕಥೆ ಬಗ್ಗೆ ಮಾತಾಡೋದು ಮನೆ ಮಾತಲ್ಲೇ ಇರಲಿ.

ಪುಟಕ್ಕೆ ಒಂದು, ಹೆಚ್ಚೆಂದ್ರೆ ಎರಡು ಸಾಲಿನ ಪುಸ್ತಕ ಆರಿಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಹಂತ 1ರ ಕಥೆಗಳು ಉಚಿತ. ಆದ್ರೆ ಹಂತ 1 ಅಂದ್ರೆ ಸುಮಾರು 250 ಪದದ ತನಕ ಇರಬಹುದು, ನಿಮ್ಮ ಮಗಳಿಗೆ ಅಷ್ಟು ಬೇಡ, ತೆರೆದು ನೋಡಿ ಚಿಕ್ಕದನ್ನ ಮುದ್ರಿಸಿಕೊಳ್ಳಿ. ಫೋನಲ್ಲಿ ಓದಿದ್ರೆ ಬೆರಳಿಟ್ಟ ಕೂಡ್ಲೆ ಪುಟ ಜಾರುತ್ತೆ.

ಮನೆಯದ್ದೇ ಒಂದು ಪುಸ್ತಕ ಮಾಡಿ. ಎರಡು ಎ4 ಹಾಳೆ ಒಟ್ಟಿಗೆ ಮಡಿಸಿದ್ರೆ ಎಂಟು ಪುಟ. ಮೇಲೆ ಅವಳ ಫೋಟೋ, ಅವಳ ಹೆಸರು. ಒಳಗಿನ ಆರರಲ್ಲಿ ಹಸು, ಮನೆ, ಹಾಲು, ತಾತ, ಅಮ್ಮ, ಕಾರು, ಪ್ರತಿಯೊಂದಕ್ಕೂ ಫೋಟೋ, ಕೆಳಗೆ 3 ಸೆಂ.ಮೀ. ಅಕ್ಷರದಲ್ಲಿ ಪದ. ಅಮ್ಮ ಒತ್ತಕ್ಷರ ಆದ್ರೂ ಇರಲಿ, ಇಡೀ ಪದವನ್ನ ಮುಖದ ಹಾಗೆ ಗುರುತಿಸೋಕೆ ಅಡ್ಡಿಯಿಲ್ಲ. ಪಿನ್ನಿನ ಚೂಪು ತುದಿ ಹೊರಬದಿಗೆ ಬರಲಿ, ಮೇಲೆ ಟೇಪ್ ಅಂಟಿಸಿ.

ಬಸ್ ಸ್ಟ್ಯಾಂಡಿಗೆ ಹೋದಾಗ ಬೋರ್ಡು ತೋರಿಸಿ. ಹಾಸನದವರಿಗೆ ಅದೃಷ್ಟ, ಮೂರೇ ಅಕ್ಷರ. ನಮ್ಮೂರ ಬೋರ್ಡಿಗೆ ಒತ್ತೂ ಬೇಕು, ಕೊಂಬೂ ಬೇಕು.

ಹೇಮಾವತಿ_ದಡ

ಇಬ್ಬರಿಗೂ ಥ್ಯಾಂಕ್ಸ್. ಹಾಗಾದ್ರೆ ಸ್ಲೇಟು ಒಳಗಿಡಿ ಅಂತ ತಾತನಿಗೆ ಹೇಳ್ಬೇಕಾ? ಬೇಜಾರು ಮಾಡ್ಕೋತಾರೆ. "ಆಲು" ಬಗ್ಗೆನೂ ಯಾರಾದ್ರೂ ಹೇಳಿ.

ಕಿವಿ_ಬಾಯಿ

"ಆಲು" ಬಗ್ಗೆ ನಾನು ಹೇಳ್ತೀನಿ. ಮೊದಲು ಮನೆಯವರ ಮಾತಿಗೆ ಕಿವಿ ಕೊಡಿ. ನಮ್ಮ ಕಡೆ ಹಳ್ಳಿಯ ಹಿರಿಯರಲ್ಲಿ ಹಲವರು ಹಾಲಿಗೆ ಆಲು, ಹಾಸನಕ್ಕೆ ಆಸನ ಅಂತಾರೆ. ಮಗು ಕೇಳಿದ್ದನ್ನ ಆಡುತ್ತೆ, ಅದು ದೋಷವಲ್ಲ. ಹ ಬಾಯಲ್ಲಿ ಬರುತ್ತಾ ಅಂತ ತಿಳಿಯೋಕೆ ಕನ್ನಡಿ ಹಿಡಿದು "ಹಾ" ಅಂತ ಉಸಿರು ಬಿಡಿಸಿ. ಕನ್ನಡಿ ಮಸುಕಾಗೋದು ಮಕ್ಕಳಿಗೆ ಖುಷಿ. ಬಂದ್ರೆ ಚಿಂತೆಯಿಲ್ಲ. ಅ ಮತ್ತು ಹ ಪಟ್ಟಿಗಳನ್ನ ಮಾತ್ರ ದೂರ ದೂರ ಇಡಿ, ಮುಂದೆ ಆಡು-ಹಾಡು, ಅಲ್ಲಿ-ಹಲ್ಲಿ ಜೋಡಿಗಳಲ್ಲಿ ವ್ಯತ್ಯಾಸ ಕೇಳಿಸಿ. "ಆಲು ಅಲ್ಲ, ಹಾಲು ಅನ್ನು" ಅಂತ ಪದೇ ಪದೇ ತಡೀಬೇಡಿ. ಅದು ಅತಿಯಾದ್ರೆ ಆನೆಗೂ "ಹಾನೆ" ಶುರುವಾಗುತ್ತೆ.

ಬೆನ್ನ ಹಿಂದಿಂದ ಪಿಸುಗುಟ್ಟಿದ್ರೆ ತಿರುಗಲ್ಲ, ಕಿವಿ ಸೋರುತ್ತೆ, ಮೂರು ತುಂಬಿದ್ರೂ ಹೊರಗಿನವರಿಗೆ ಮಾತು ಬಹುಪಾಲು ಅರ್ಥವಾಗಲ್ಲ ಅನ್ನೋದಿದ್ರೆ ಮಾತ್ರ ಇಎನ್‌ಟಿ ಹತ್ರ ಹೋಗಿ. ಪೂರ್ತಿ ಪರೀಕ್ಷೆ ಬೇಕಾದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ನೀವು ಬರೆದದ್ದರಲ್ಲಿ ಅಂಥದ್ದೇನೂ ಕಾಣ್ತಿಲ್ಲ.

ಬಳಪದ_ಚೂರು

ತಾತನಿಗೆ ಸ್ಲೇಟು ಬಿಡಿಸಬೇಡಿ, ಕೆಲಸ ಬದಲಿಸಿ. ಮೂರರ ಹೊತ್ತಿಗೆ ಮಗುವಿನ ಕೈಗೆ ನೋಡಿ ಬರೆಯಲು ಬರುವುದು ಒಂದು ಸೊನ್ನೆ; ಕೂಡು ಗುರುತು ನಾಲ್ಕರ ಸುಮಾರಿಗೆ. ಅ ಬರೆಯುವಾಗ ಕೈ ನಡುವೆ ದಿಕ್ಕು ತಿರುಗಿಸಬೇಕು. ಈಗ ತಿದ್ದಿಸಿದರೆ ಮುಷ್ಟಿ ಹಿಡಿತವೂ ತಪ್ಪು ದಿಕ್ಕೂ ಗಟ್ಟಿಯಾಗಿ, ಒಂದನೇ ತರಗತಿಯಲ್ಲಿ ಬಿಡಿಸಲು ಒದ್ದಾಡಬೇಕು. ತಾತ ಸೊನ್ನೆ, ಮಳೆ ಗೆರೆ, ಸುರುಳಿ ಹಾಕಿಸಲಿ. ಬಳಪ 2–3 ಸೆಂ.ಮೀ. ಚೂರಾಗಿರಲಿ, ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಬೆರಳ ತುದಿಗೇ ಬರಬೇಕು. ಚೂರು ಬಾಯಿಗೆ ಹೋಗದಂತೆ ತಾತ ಜೊತೆಗೇ ಕೂರಲಿ. ತಟ್ಟೆಯಲ್ಲಿ ಅರ್ಧ ಸೆಂ.ಮೀ. ರವೆ ಹರಡಿ ಬೆರಳಲ್ಲಿ ಗೆರೆ ಎಳೆಸಬಹುದು. ಹುಣಸೆ ಬೀಜ, ಕಾಫಿ ಬೀಜ ಜೋಡಿಸಿ ಅಕ್ಷರ ಮಾಡಿಸುವುದು ಈ ವಯಸ್ಸಿಗೆ ಬೇಡವೇ ಬೇಡ, ಮೂಗಿಗೋ ಗಂಟಲಿಗೋ ಹೋಗುತ್ತದೆ.

ಇಂಗ್ಲಿಷ್ ಬಗ್ಗೆ: ಎರಡು ಲಿಪಿ ಮಗುವಿಗೆ ಭಾರವಲ್ಲ, ಹೆಸರುಗಳು ಡಿಕ್ಕಿ ಹೊಡೆಯುತ್ತವೆ. ಅಲ್ಲಿನ ಮೊದಲ ಅಕ್ಷರದ ಹೆಸರು ಎ, ಐದನೆಯದ್ದು ಈ, ಒಂಬತ್ತನೆಯದ್ದು ಐ, ಮುಂದೆ ಒಂದು ಓ. ನಮ್ಮಲ್ಲೂ ಅದೇ ಹೆಸರು, ಬೇರೆ ಆಕಾರ. ಅದಕ್ಕೇ ರ, ಗ, ಸ, ದ ಮೊದಲು ಕೂತರೆ ಒಳ್ಳೆಯದು, ಅವಕ್ಕೆ ಆ ಕಾಟ ಇಲ್ಲ. ಮನೆಯಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಹೇಳಿಸಬೇಡಿ, ಅದನ್ನು ಶಾಲೆ ಮಾಡಿಕೊಳ್ಳುತ್ತದೆ.

ಹೇಮಾವತಿ_ದಡ

ಕೊನೇದು. ಐದು ಅಕ್ಷರ ಬಂದಿದೆ ಅಂತ ಗೊತ್ತಾಗೋದು ಹೇಗೆ?

ಬಳಪದ_ಚೂರು

ಪಟ್ಟಿಗಳನ್ನು ಕಲಸಿ ಕೊಡಿ. ಬೇರೆ ಬೇರೆ ಮೂರು ದಿನ, ಐದರಲ್ಲಿ ನಾಲ್ಕು ಸರಿ ಹೇಳಿದರೆ ಸಾಕು. ಆಮೇಲೆ ಸ ಮತ್ತು ರ ಪಟ್ಟಿಗಳನ್ನು ಒಂದು ಗೇಣು ದೂರ ಇಟ್ಟು ಒಂದೊಂದನ್ನೇ ಮುಟ್ಟಿ ಹೇಳಿಸಿ. ಪ್ರತಿ ಸಲ ಸ್ವಲ್ಪ ಹತ್ತಿರ ತನ್ನಿ, ಪಟ್ಟಿಗಳು ಅಂಟುವ ಹೊತ್ತಿಗೆ ಬಾಯಲ್ಲೂ "ಸರ" ಅಂಟಬೇಕು. ಅಂಟದಿದ್ದರೆ ಅಲ್ಲಿಗೇ ಬಿಟ್ಟು ಹದಿನೈದು ದಿನ ಚಪ್ಪಾಳೆ ಆಟಕ್ಕೆ ವಾಪಸ್ ಹೋಗಿ. ಅಂಟಿದರೆ ಎರಡೂ ಪಟ್ಟಿ ಅದಲು ಬದಲು ಮಾಡಿ "ರಸ" ಇಡಿ, ನೀವೇನೂ ಹೇಳಬೇಡಿ.